ಬೆರಳಿಗೆ ಸಿಗೋ ಪಾಳಿ ಪಟ್ಟಿ

ನಮಸ್ಕಾರ್ರೀ ಎಲ್ಲಾರಿಗೂ. ಸುಗ್ಗಿ ಟೈಮಿನ್ಯಾಗ ಗಂಗಾವತಿ ರೈಸ್ ಮಿಲ್ ಕಡೆ ಹೋದವ್ರು ಲಾರಿ ಸಾಲು ನೋಡಿರ್ತೀರಿ. ಯಾವ ಗಾಡಿ ಮೊದಲ ಲೋಡ್ ಆಗಬೇಕು, ಯಾವುದು ಆಮ್ಯಾಲ, ಅದಕ್ಕ ಪಾಳಿ ಅಂತೀವಿ. ನನಗ ಪರಿಚಯದ ಒಂದು ಮಿಲ್ಲಿನ ಗುಮಾಸ್ತರು ಆ ಪಾಳಿನ ನೋಟ್‌ಬುಕ್ಕಿನ್ಯಾಗ ಬರೀತಿದ್ರು, ಹೊಡೆದು ಹಾಕೋರು, ಬಾಣ ಎಳಿಯೋರು, ಸಂಜಿಗೆ ಆ ಹಾಳಿ ಅವ್ರೊಬ್ರಿಗೇ ಓದಾಕ ಬರ್ತಿತ್ತು. ಹಂಗಾಗಿ ನಾನು ಒಂದು ವೆಬ್ ಪೇಜ್ ಮಾಡಿಕೊಟ್ಟೆ, ಗಾಡಿ ನಂಬರಿನ ಸಾಲನ್ನ ಹಿಡಿದು ಎಳೆದು ಬೇಕಾದ ಜಾಗದಾಗ ಬಿಡೋದು, ಡ್ರ್ಯಾಗ್ ಅಂಡ್ ಡ್ರಾಪ್.

ಮೊದಲ ಬ್ರೌಸರಿನ್ಯಾಗ ಇರೋ ಡ್ರ್ಯಾಗ್ ಸೌಲಭ್ಯನೇ ಹಾಕಿದ್ದೆ. ಸಾಲು ಎತ್ತಾಕ ಬಂತು, ಬಿಡಾಕ ಬರಲಿಲ್ಲ. ಯಾಕಂದ್ರ ಬ್ರೌಸರ್ ತಾನಾಗೇ ಇಂಥಾ ಸಾಲಿನ ಮ್ಯಾಲ ಬಿಡಾಕ ಒಪ್ಪಂಗಿಲ್ಲ, ಡ್ರ್ಯಾಗ್‌ಓವರ್ ಅನ್ನೋ ಈವೆಂಟಿನ್ಯಾಗ (ಎಳೆದದ್ದು ಮ್ಯಾಲ ಬಂದಾಗ ಬ್ರೌಸರ್ ಕೊಡೋ ಸುದ್ದಿ) ಪ್ರಿವೆಂಟ್‌ಡೀಫಾಲ್ಟ್ (ನಿನ್ನ ಮಾಮೂಲಿ ರೀತಿ ಬ್ಯಾಡ) ಅಂತ ಹೇಳಿದ್ರ ಮಾತ್ರ ಡ್ರಾಪ್ ಆಗತೈತಿ. ಈ ಪದ್ಧತಿ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಿಂದ ಬಂದಿದ್ದು, ವೆಬ್ ಪೇಜ್ ಬರೆಯೋ ಭಾಷೆ ಎಚ್‌ಟಿಎಂಎಲ್ 5 ಅದನ್ನೇ ತಗೊಂಡಿತು, ಅಂದ್ರ ಮೌಸ್ ಕಾಲದ್ದು.

ಅದು ಸರಿ ಆತು ಅಂತ ಗುಮಾಸ್ತರ ಕೈಗೆ ಕೊಟ್ರ, ಅವ್ರ ಹಳೇ ಫೋನಿನ್ಯಾಗ ಸಾಲು ಅಲುಗಾಡಲೇ ಇಲ್ಲ. ತೌಡು ಹತ್ತಿದ ಹೆಬ್ಬೆರಳಲೆ ಎಳೀತಾರ, ಪೇಜೇ ಮ್ಯಾಲ ಕೆಳಗ ಸರೀತೈತಿ. ಅವತ್ತು ನನಗ ಭಾಳ ಬ್ಯಾಸರ ಆತ್ರಿ, ಅವ್ರ ಕೆಲಸ ನಡೆಯೋದೇ ಫೋನಿನ್ಯಾಗ.

ಮತ್ತ ಕುಂತು ಪಾಯಿಂಟರ್ ಈವೆಂಟಲೆ ಬರೆದೆ. ಬೆರಳು ಇಟ್ಟಾಗ ಪಾಯಿಂಟರ್‌ಡೌನ್, ಸರಿಸಿದಾಗ ಪಾಯಿಂಟರ್‌ಮೂವ್, ಎತ್ತಿದಾಗ ಪಾಯಿಂಟರ್‌ಅಪ್, ಮೌಸಿಗೂ ಬೆರಳಿಗೂ ಒಂದೇ ಲೆಕ್ಕ. ನಡುವ ಬ್ರೌಸರ್ ಕಸಗೊಂಡ್ರ ಪಾಯಿಂಟರ್‌ಕ್ಯಾನ್ಸಲ್ ಬರತೈತಿ, ಅದನ್ನ ನೋಡಿಕೊಳ್ಳದ ಬಿಟ್ರ ಸಾಲು ಗಾಳ್ಯಾಗ ಉಳಕೊಂಡು ಬಿಡತೈತಿ. ಪ್ರತಿ ಸಾಲಿನ ಎಡಕ್ಕ ಒಂದು ಹಿಡಿಕಿ ಇಟ್ಟು, ಅದಕ್ಕಷ್ಟ ಟಚ್‌-ಆ್ಯಕ್ಷನ್ ನನ್ (none) ಅಂತ ಕೊಟ್ಟೆ, ಅಂದ್ರ ಅಲ್ಲಿ ಬೆರಳು ಎಳೆದ್ರ ಬ್ರೌಸರ್ ಪೇಜ್ ಸರಿಸಬಾರದು ಅಂತ. ಇಡೀ ಸಾಲಿಗೆ ಕೊಟ್ರ ಉದ್ದ ಪಟ್ಟಿ ಸ್ಕ್ರೋಲ್ ಮಾಡಾಕ ಆಗಂಗಿಲ್ಲ, ನೆನಪಿರಲಿ.

ಜಾಗ ಗುರ್ತಿಸೋದು ಹೆಂಗಂದ್ರ, ಬೆರಳು ತನ್ನ ಕೆಳಗಿರೋ ಸಾಲಿನ ಅರ್ಧ ಎತ್ತರ ದಾಟಿತೇನು ನೋಡಬೇಕು, ದಾಟಿದ್ರ ಅದರ ಕೆಳಗ, ಇಲ್ಲಂದ್ರ ಮ್ಯಾಲ. ಸಾಲು ಸೇರಿಸಾಕ ಇನ್ಸರ್ಟ್‌ಬಿಫೋರ್ ಅನ್ನೋ ಆಜ್ಞೆ ಸಾಕು, ಅದು ಹಳೇ ಜಾಗದಿಂದ ತಾನೇ ತಗದು ಹೊಸ ಜಾಗಕ್ಕ ಇಡತೈತಿ, ನಕಲು ಉಳಿಯಂಗಿಲ್ಲ.

ಸೇವ್ ಮಾಡೋದ್ರಾಗೂ ಒಂದು ಜಾಣತನ ಐತಿ. ಪಾಳಿ ನಂಬರ್ 1, 2, 3 ಅಂತ ಕೊಟ್ರ ಒಂದು ಗಾಡಿ ಸರಿಸಿದ್ರ ನಡುವಿನ ಎಲ್ಲಾನೂ ಬದಲಿಸಬೇಕು. 1000, 2000, 3000 ಅಂತ ಕೊಟ್ಟಿದ್ರ ನಡುವ ಬಂದ ಗಾಡಿಗೆ 1500, ಡೇಟಾಬೇಸಿನ್ಯಾಗ ಒಂದೇ ಸಾಲು ತಿದ್ದಬೇಕು. ಸಂದಿ ತೀರಿದಾಗ ಒಮ್ಮೆ ಮತ್ತ ನಂಬರ್ ಹಾಕಿದ್ರಾತು.

ಕಡೀಗೆ ನಾನು ಹಟ ಹಿಡಿದು ಹೇಳೋದು, ಎಳೆಯೋದೊಂದೇ ದಾರಿ ಇಡಬ್ಯಾಡ್ರಿ. ಕೈ ನಡುಗೋರು ಇರ್ತಾರ, ಕೀಬೋರ್ಡಲೆ ಕೆಲಸ ಮಾಡೋರು ಇರ್ತಾರ. 2023ರ ಅಕ್ಟೋಬರಿನ್ಯಾಗ ಬಂದ, ಎಲ್ಲಾರಿಗೂ ವೆಬ್ ಬಳಸಾಕ ಬರಬೇಕು ಅನ್ನೋ ಡಬ್ಲ್ಯೂಸಿಎಜಿ 2.2 ನಿಯಮನೂ ಎಳೆಯದನ ಮಾಡೋ ದಾರಿ ಇರಬೇಕು ಅಂತೈತಿ. ನಾನು ಸಾಲಿಗೊಂದು ಮ್ಯಾಲ, ಒಂದು ಕೆಳಗ ಅಂತ ಬಟನ್ ಇಟ್ಟೆ. ಈಗ ಗುಮಾಸ್ತರು ಎಡಗೈಯಾಗ ಚೀಟಿ ಕಟ್ಟು ಹಿಡಕೊಂಡು, ಬಲಗೈ ಹೆಬ್ಬೆರಳಲೆ ನಾಕು ಸಲ ಒತ್ತಿ ಏಳನೇ ಗಾಡಿನ ಮೂರನೇ ಪಾಳಿಗೆ ತರ್ತಾರ. ನಮಸ್ಕಾರ್ರೀ.