ಕುಂಕುಮದ ಡಬ್ಬಿಯಲ್ಲಿ ಗುಳಿಗೆ

ಕೇಳುಗರಿಗೆ ನಮಸ್ಕಾರ.

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣ. ಮಧ್ಯಾಹ್ನದ ಹೊತ್ತು, ಸುಡು ಬಿಸಿಲು. ಅಫಜಲಪುರದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಆಕೆಯ ಆಚೆ ಬದಿಗೆ ಇಪ್ಪತ್ತೈದರ ಆಸುಪಾಸಿನ ಮಗ. ಆಕೆ ಚೀಲದಿಂದ ಒಂದು ಪೊಟ್ಟಣ ತೆಗೆದರು. ಗುಳಿಗೆಗಳನ್ನು ಒಂದೊಂದಾಗಿ ಹಾಳೆಯಿಂದ ಒತ್ತಿ, ಮಡಿಲಲ್ಲಿದ್ದ ಸ್ಟೀಲಿನ ಕುಂಕುಮದ ಡಬ್ಬಿಗೆ ಹಾಕತೊಡಗಿದರು. ಟಕ್, ಟಕ್ ಅಂತ ಸದ್ದು. ಖಾಲಿ ಹಾಳೆಗಳನ್ನೆಲ್ಲ ಮುದುಡಿ ಬೆಂಚಿನ ಕೆಳಗೆ ತಳ್ಳಿದರು. ಆಮೇಲೆ ಆಸ್ಪತ್ರೆಯ ಚೀಟಿ ತೆಗೆದರು. ಅದರ ತುದಿಯಲ್ಲಿ 'ಮನೋರೋಗ ವಿಭಾಗ' ಅಂತ ಅಚ್ಚಾಗಿತ್ತು. ಆ ಪಟ್ಟಿಯನ್ನಷ್ಟೇ ಉಗುರಿನಿಂದ ಗೀರಿ, ಮಡಚಿ, ಹರಿದು ತೆಗೆದರು. ಉಳಿದ ಚೀಟಿ ಮತ್ತೆ ಚೀಲದೊಳಗೆ ಹೋಯಿತು.

ನಾನು ನೋಡುತ್ತಿರುವುದು ಆಕೆಗೆ ಗೊತ್ತಾಯಿತು. ನಾನು ಕೇಳುವ ಮೊದಲೇ ಅವರೇ ಹೇಳಿದರು: "ಊರಾಗ ಔಷಧ ಅಂಗಡ್ಯಾಂವ ನಮ್ಮ ಪೈಕಿನೇ ಅದಾನ್ರಿ. ಗುಳಿಗಿ ಹೆಸರು ಓದಿದ್ರ ಮುಗೀತು. ಇವನ ತಂಗಿ ಮದವಿ ಆಗಬೇಕಾಗ್ಯಾದ."

ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಅಂತ ಹೇಗೆ ಗುರುತು ಹಿಡಿಯುತ್ತೀರಿ ಅಂದೆ. "ಸಣ್ಣದು ರಾತ್ರಿ" ಅಂದರು. ಡಬ್ಬಿಯಲ್ಲಿ ಎರಡು ಥರದ ಸಣ್ಣ ಗುಳಿಗೆಗಳಿದ್ದವು.

ಆ ಊರಲ್ಲಿ ಆ ಹುಡುಗನಿಗೆ ಇನ್ನೂ ಯಾರೂ ಏನೂ ಅಂದಿಲ್ಲ, ಗಮನಿಸಿ. ಅನ್ನಬಹುದು ಅನ್ನೋ ಅಂಜಿಕೆಗೇ ಚೀಟಿಯ ತಲೆ ಹರಿದುಹೋಯಿತು.

ಈ ಅಂಜಿಕೆಯನ್ನು ಲೆಕ್ಕ ಹಾಕಿದವರಿದ್ದಾರೆ. 2009ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಲಂಡನ್ನಿನ ಮನೋವೈದ್ಯ ಗ್ರಹಾಂ ಥಾರ್ನಿಕ್ರಾಫ್ಟ್ ಮತ್ತು ಅವರ ತಂಡ 27 ದೇಶಗಳಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನಸ್ಸಿನ ಕಾಯಿಲೆ, ಇರುವ 732 ಜನರನ್ನು ಮಾತಾಡಿಸಿತ್ತು. ಗೆಳೆತನದಲ್ಲಿ ಭೇದ ಕಂಡೆವು ಅಂದವರು ನೂರಕ್ಕೆ 47. ಮನೆಯವರಿಂದಲೇ ಕಂಡೆವು ಅಂದವರು 43. ಕೆಲಸ ಹುಡುಕುವಾಗ ಅಂದವರು 29. ನನಗೆ ಅದಕ್ಕಿಂತ ಜಾಸ್ತಿ ತಟ್ಟಿದ್ದು ಬೇರೆ ಎರಡು ಅಂಕಿಗಳು. ಹೇಗೂ ಬೇಡ ಅಂತಾರೆ ಅಂದುಕೊಂಡು ಕೆಲಸಕ್ಕೆ, ಓದಿಗೆ ಅರ್ಜಿಯನ್ನೇ ಹಾಕದೆ ಕೂತವರು ನೂರಕ್ಕೆ 64. ಕಾಯಿಲೆಯನ್ನು ಮುಚ್ಚಿಡಬೇಕು ಅನಿಸಿದವರು ನೂರಕ್ಕೆ 72. ಹೀಗೆ ಅಂಜಿ ಹಿಂದೆ ಸರಿದವರಲ್ಲಿ ಎಷ್ಟೋ ಜನರಿಗೆ ಆ ಜಾಗದಲ್ಲಿ ಯಾರೂ ಅವಮಾನ ಮಾಡಿರಲೇ ಇಲ್ಲ.

ಅದು ಪರದೇಶದ ಮಾತಾಯಿತು ಅನ್ನಬೇಡಿ. ಗೋವಾ, ತಮಿಳುನಾಡು ಮತ್ತು ನಮ್ಮ ನೆರೆಯ ಮಹಾರಾಷ್ಟ್ರದ ಸಾತಾರಾದಲ್ಲಿ ಇದೇ ಕಾಯಿಲೆ ಇರುವ 282 ಜನರನ್ನು ಕೇಳಿದ ಅಧ್ಯಯನ 2014ರಲ್ಲಿ ಬಂತು. ಅಲ್ಲಿ ನೇರವಾಗಿ ಭೇದ ಅನುಭವಿಸಿದವರು ನೂರಕ್ಕೆ 42. ತಾವು ಎಲ್ಲರಿಂದ ಬೇರೆ ಆಗಿಬಿಟ್ಟೆವು ಅಂತ ಒಳಗೊಳಗೇ ಕೊರಗುವವರು 79. ಹೊರಗಿನ ಮಾತಿಗಿಂತ ಒಳಗಿನ ಮಾತೇ ಹೆಚ್ಚು ಜನರನ್ನು ಕುಟುಕಿದೆ.

ಈ ವಿಷಯಕ್ಕೆ ಪುಸ್ತಕದಲ್ಲಿ 'ಕಳಂಕ' ಅಂತ ಬರೆಯುತ್ತಾರೆ. ನಮ್ಮ ಕಡೆ ಯಾರಾದರೂ ಮಾತಿನ ನಡುವೆ ಕಳಂಕ ಅನ್ನೋದನ್ನು ನಾನಂತೂ ಕೇಳಿಲ್ಲ. 'ತಲಿ ಕೆಟ್ಟದ' ಅಂತಾರೆ, 'ಗಾಳಿ ಆಗ್ಯಾದ' ಅಂತಾರೆ, 'ಭಾನಾಮತಿ ಮಾಡ್ಸ್ಯಾರ' ಅಂತಾರೆ. ಇಂಗ್ಲಿಷಿನ ಸ್ಟಿಗ್ಮಾ ಅನ್ನೋ ಪದ ಗ್ರೀಕ್ ಭಾಷೆಯಿಂದ ಬಂದದ್ದು. ಗುಲಾಮರ, ಅಪರಾಧಿಗಳ ಮೈಮೇಲೆ ಚುಚ್ಚಿಯೋ ಸುಟ್ಟೋ ಹಾಕುತ್ತಿದ್ದ ಗುರುತು ಅದು. ಅಂದರೆ ಬರೆ! ನಮ್ಮಲ್ಲಿ ಕೂಸಿಗೆ ಹೊಟ್ಟೆನೋವು ಬಂದರೂ ಬರೆ ಎಳೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ನನ್ನನ್ನು ಕೇಳಿದರೆ ಬರೆ ಅನ್ನುವುದೇ ಸರಿಯಾದ ಕನ್ನಡ. ಕಳಂಕ ತೊಳೆದರೆ ಹೋದೀತು. ಬರೆ ಹಾಗಲ್ಲ, ಅದಕ್ಕೆ ಹಾಕಿದವನೊಬ್ಬ ಇರುತ್ತಾನೆ.

ಹಾಕಿದವರಲ್ಲಿ ನಾನೂ ಒಬ್ಬ. ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ನಮ್ಮ ಸಣ್ಣ ಕಾಕಾಗೆ ಇಪ್ಪತ್ತೆರಡನೇ ವಯಸ್ಸಿಗೆ ಕಾಯಿಲೆ ಶುರುವಾಯಿತು. ಯಾರೋ ಕರೆಯುತ್ತಿದ್ದಾರೆ ಅಂತ ರಾತ್ರಿ ಎದ್ದು ಬಾಗಿಲು ತೆಗೆಯುತ್ತಿದ್ದರು. ಮೊದಲು ಗಾಣಗಾಪುರ, ಆಮೇಲೆ ದರ್ಗಾ, ಆಮೇಲೆ ಡಾಕ್ಟರು. ಗುಳಿಗೆ ಹಿಡಿಯಿತು. ತೊಗರಿ ರಾಶಿಯಲ್ಲಿ ಮೂವರ ಕೆಲಸ ಒಬ್ಬರೇ ಮಾಡುತ್ತಿದ್ದರು. ಆದರೂ ನಮ್ಮ ಅಕ್ಕನ್ನ ನೋಡಲು ಗಂಡಿನ ಕಡೆಯವರು ಬರುವ ದಿನ ಮನೆಯಲ್ಲಿ ಒಂದು ತೀರ್ಮಾನ ಆಯಿತು. ಕಾಕಾನ್ನ ಹೊಲಕ್ಕೆ ಕಳಿಸುವುದು. ಸೈಕಲ್ ಮೇಲೆ ಕೂರಿಸಿಕೊಂಡು ಹೋದವನು ನಾನು. ನನಗಾಗ ಹತ್ತೊಂಬತ್ತು. ಗುಡಿಸಲಲ್ಲಿ ಅವರನ್ನು ಕೂರಿಸಿ, ರೊಟ್ಟಿ, ಪುಂಡಿಪಲ್ಲೆ ಗಂಟು ಕೈಗಿಟ್ಟು ಬಂದೆ. ಮನೆಯಲ್ಲಿ ಬೀಗರು ಕೇಳಿದರು: "ಸಣ್ಣಾಂವ ಒಬ್ಬ ಅದಾನಂತಲ್ಲ, ಎಲ್ಲಿ?" ಯಾರೂ ಬಾಯಿ ಬಿಡುವ ಮೊದಲೇ ನಾನೇ ಹೇಳಿದೆ: "ಪುಣೆಕ್ಕ ದುಡಿಯಾಕ ಹೋಗ್ಯಾನ್ರಿ." ನಮ್ಮ ಕಡೆ ಅದು ನಂಬುವಂಥ ಸುಳ್ಳು. ಅರ್ಧ ಊರು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿಯೇ ಇರುತ್ತದೆ.

ಸಂಜೆ ಕರೆತರಲು ಹೋದೆ. ರೊಟ್ಟಿಯ ಗಂಟು ಬಿಚ್ಚಿರಲಿಲ್ಲ. ಯಾಕೆ ಹೊಲಕ್ಕೆ ತಂದದ್ದು ಅಂತ ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಸೈಕಲ್ ಹತ್ತುತ್ತಾ ಕೇಳಿದರು: "ಹುಡುಗ ಹೆಂಗ ಅದಾನ?"

ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ.

ಗಾಣಗಾಪುರ, ದರ್ಗಾ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ಓದಿದವರು ಅಲ್ಲಿಗೆ ಹೋಗುವವರನ್ನು ಕಂಡು ನಗುವುದುಂಟು. ನಗಬೇಡಿ. ಗಾಣಗಾಪುರದಲ್ಲಿ ಮಹಾಮಂಗಳಾರತಿ ಹೊತ್ತಿಗೆ ಯಾರೋ ಚೀರುತ್ತಾರೆ, ಕಂಬ ಹತ್ತುತ್ತಾರೆ. ಸುತ್ತಲಿನವರು ಸುಮ್ನೆ ಜಾಗ ಬಿಡುತ್ತಾರೆ. ಯಾರೂ ಫೋಟೊ ತೆಗೆದು ಊರಿಗೆಲ್ಲ ಕಳಿಸುವುದಿಲ್ಲ, ಕನಿಷ್ಠ ನಾನು ನೋಡುತ್ತಿದ್ದ ಕಾಲದಲ್ಲಿ ಕಳಿಸುತ್ತಿರಲಿಲ್ಲ. ಹೀಗಿರುವವರನ್ನು ಕರೆತಂದ ತಾಯಿಗೆ ಅಲ್ಲಿ ನಾಚಿಕೆ ಇಲ್ಲ. ಆಕೆಯ ಹಾಗೆ ಇನ್ನೂ ಇಪ್ಪತ್ತು ತಾಯಂದಿರು ಅಲ್ಲಿರುತ್ತಾರೆ. 2002ರಲ್ಲಿ ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯ ಬಗ್ಗೆ ಬರೆದರು. ಅಲ್ಲಿ ಉಳಿದಿದ್ದ 31 ಜನರನ್ನು ಅವರು ಗಮನಿಸಿದ್ದರು. ಸರಾಸರಿ ಆರು ವಾರದ ವಾಸ. ಗುಡಿಯಲ್ಲಿ ಗುಳಿಗೆ ಇಲ್ಲ, ವಿಶೇಷ ಮಂತ್ರ ತಂತ್ರ ಅಂತಲೂ ಏನಿಲ್ಲ. ಬೆಳಿಗ್ಗೆ ಪೂಜೆ, ಆಮೇಲೆ ನೀರು ಹಾಕುವುದು, ಗುಡಿಸುವುದು, ಹೀಗೆ ಸಣ್ಣಪುಟ್ಟ ಕೆಲಸ. ಅಷ್ಟಕ್ಕೇ ಕಾಯಿಲೆಯ ತೀವ್ರತೆ ಸುಮಾರು ನೂರಕ್ಕೆ 20ರಷ್ಟು ಇಳಿದಿತ್ತು. ಬೈಯುವವರಿಲ್ಲದ ಜಾಗದಲ್ಲಿ ಇರುವುದೇ ಗುಣ ಕೊಟ್ಟಿದೆ ಅಂತ ಅವರ ಅಂದಾಜು.

ಇಷ್ಟು ಕೇಳಿ ಗುಳಿಗೆ ಬಿಡಬೇಡಿ ಮತ್ತೆ! 20 ಅಂದರೆ 100 ಅಲ್ಲ. ಅದೇ ತಮಿಳುನಾಡಿನ ಏರ್ವಾಡಿಯೂ ನೆನಪಿರಲಿ. 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾದ ಹತ್ತಿರದ ಒಂದು ಖಾಸಗಿ ಆಶ್ರಯಕ್ಕೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಹಾಕಿದ್ದರು. 28 ಜನ ಸತ್ತರು. ಓಡಲು ಕಾಲಿಗೆ ಬಿಡುಗಡೆ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಹೇಳಿದೆ. ಅದಕ್ಕೂ ಮೊದಲು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿತ್ತು. ಆದರೆ ಪ್ರಮಾಣಪತ್ರ ಮಾಡಿಸಲು ಹೋಗುವವರು ಕಡಿಮೆ. ಅದರ ಮೇಲೂ ಕಾಯಿಲೆಯ ಹೆಸರು ಇರುತ್ತದಲ್ಲ!

ಹಾಗಾದರೆ ಬರೆ ಅಳಿಸುವುದು ಹೇಗೆ? ಇಲ್ಲಿ ನನ್ನಂಥ ಭಾಷಣ ಮಾಡುವವರಿಗೆ ಸ್ವಲ್ಪ ಮುಜುಗರದ ಸಂಗತಿ ಇದೆ. ವರ್ಷಾನುಗಟ್ಟಲೆ ನಾವು ಒಂದೇ ಪಲ್ಲವಿ ಹಾಡಿದೆವು. ಇದು ಮಿದುಳಿನ ಕಾಯಿಲೆ, ಸಕ್ಕರೆ ಕಾಯಿಲೆ ಇದ್ದ ಹಾಗೆ, ಅಷ್ಟೇ ಅಂತ. ಅಮೆರಿಕದಲ್ಲಿ 1996ರಲ್ಲಿ ಜನರನ್ನು ಕೇಳಿ, ಅದೇ ಪ್ರಶ್ನೆಗಳನ್ನು 2006ರಲ್ಲಿ ಮತ್ತೆ ಕೇಳಿದರು. ಮಿದುಳಿನ ಕಾಯಿಲೆ ಅಂತ ಒಪ್ಪಿದವರು ಆ ಹತ್ತು ವರ್ಷದಲ್ಲಿ ಜಾಸ್ತಿಯಾಗಿದ್ದರು. ಇಂಥವರು ಪಕ್ಕದ ಮನೆಗೆ ಬಂದರೆ, ಜೊತೆಗೆ ಕೆಲಸಕ್ಕೆ ಬಂದರೆ ಒಪ್ಪುತ್ತೀರಾ ಅಂದಾಗ ಮಾತ್ರ ಉತ್ತರ ಬದಲಾಗಿರಲಿಲ್ಲ. ತಿಳಿವಳಿಕೆ ತಲೆಗೆ ಹೋಯಿತು, ಕಾಲು ಇದ್ದಲ್ಲೇ ಇತ್ತು.

2012ರಲ್ಲಿ 14 ದೇಶಗಳ 72 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದರು. 38,364 ಜನರ ಲೆಕ್ಕ. ದೊಡ್ಡವರ ಮನಸ್ಸು ಪಾಠದಿಂದ ಬದಲಾಗುವುದಕ್ಕಿಂತ ಆ ಕಾಯಿಲೆ ಕಂಡವರ ಜೊತೆ ಎದುರಾಬದುರು ಕೂತಾಗ ಹೆಚ್ಚು ಬದಲಾಗುತ್ತದೆ ಅಂತ ಕಂಡಿತು. ಹದಿಹರೆಯದವರಲ್ಲಿ ಮಾತ್ರ ಪಾಠವೇ ಮೇಲಾಯಿತು. ಹಾಗಾಗಿ ಹೈಸ್ಕೂಲು ಮಾಸ್ತರರೇ, ನೀವು ಹೇಳುತ್ತಿರಿ, ನಿಮ್ಮ ಮಾತು ನಾಟುತ್ತದೆ. 2022ರಲ್ಲಿ ಇದೇ ವಿಷಯಕ್ಕೆಂದೇ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿ ಬಂತು. ಥಾರ್ನಿಕ್ರಾಫ್ಟ್ ಜೊತೆ ಅದರ ಮುಂದಾಳತ್ವ ವಹಿಸಿದವರು ದಕ್ಷಿಣ ಆಫ್ರಿಕಾದ ಶಾರ್ಲಿನ್ ಸಂಕೆಲ್. ಅವರಿಗೇ ಸ್ಕಿಜೋಫ್ರೇನಿಯಾ ಇದೆ, ಅದನ್ನು ಬಹಿರಂಗವಾಗಿ ಹೇಳಿಕೊಂಡೇ ಕೆಲಸ ಮಾಡುತ್ತಾರೆ. ಆ ವರದಿ ಹೇಳಿದ್ದೂ ಅದೇ: ಒಟ್ಟಿಗೆ ಕೂರಬೇಕು, ಮಾತಾಡಬೇಕು.

ಅಂದರೆ ನಾನು ಇಷ್ಟು ಹೊತ್ತು ಮಾತಾಡಿದ್ದಕ್ಕಿಂತ, ನಿಮ್ಮ ಓಣಿಯ ಆ ಒಬ್ಬರ ಜೊತೆ ನೀವು ಹೋಟೆಲಿನಲ್ಲಿ ಕೂತು ಕುಡಿಯುವ ಒಂದು ಕಪ್ ಚಹಾದ ಕೆಲಸ ದೊಡ್ಡದು. ಉಪದೇಶ ಮಾಡಲಿಕ್ಕೆ ಕೂರಬೇಡಿ. ಮಳೆ, ತೊಗರಿ ರೇಟು, ಇದೇ ಸಾಕು.

ಚಿಕಿತ್ಸೆ ಬೇಕಾದವರಿಗೆ ಎರಡು ಮಾತು. 14416, ಇದು ಮನಸ್ಸಿನ ಆರೋಗ್ಯಕ್ಕಿರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ ಫೋನ್ ಸಂಖ್ಯೆ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋರೋಗ ತಜ್ಞರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಊರ ಹತ್ತಿರವೇ ಈ ಚಿಕಿತ್ಸೆ ಸಿಗಬೇಕು ಅನ್ನೋ ಯೋಜನೆ ದೇಶಕ್ಕೆಲ್ಲ ಹರಡಿದ್ದು ನಮ್ಮ ಕಲ್ಯಾಣ ಕರ್ನಾಟಕದಿಂದಲೇ, ಗೊತ್ತಾ? 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಇನ್ನು ನಮ್ಮ ಕಾಕಾ. ಅಕ್ಕನ ಮದುವೆ ಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಅನ್ನೋದರ ಕೆಳಗೆ ಹದಿನಾಲ್ಕು ಹೆಸರುಗಳಿದ್ದವು. ದೂರದ ಸಂಬಂಧಿಕರದ್ದೂ ಇತ್ತು, ಅವರದ್ದು ಇರಲಿಲ್ಲ. ಮೊನ್ನೆ ಅದೇ ಅಕ್ಕನ ಮಗಳ ಮದುವೆ. ಕಾಕಾನ ಹೆಸರು ಮೊದಲು ಬರಬೇಕು ಅಂತ ಅಕ್ಕ ಹಟ ಹಿಡಿದಳು. ಗಂಡನ ಮನೆಯವರಿಗೆ ಎಲ್ಲ ಗೊತ್ತಾಗಿ ಎಷ್ಟೋ ವರ್ಷವಾಗಿದೆ. ಹಬ್ಬಕ್ಕೆ ಬಂದವರು ಕಾಕಾನ ಜೊತೆಯೇ ಹೊಲಕ್ಕೆ ಹೋಗುತ್ತಾರೆ.

ಪತ್ರಿಕೆಯ ಕಟ್ಟು ಬಂತು. ಕಾಕಾ ಕನ್ನಡಕ ಹಾಕಿಕೊಂಡು ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಅಚ್ಚಿನವನು ಒಂದು ಒತ್ತಕ್ಷರ ಬಿಟ್ಟಿದ್ದ. ಹೋಗಲಿ ಬಿಡು, ಯಾರು ನೋಡ್ತಾರೆ ಅಂದೆ ನಾನು. ಅವರು ನನ್ನ ಮುಖ ನೋಡಲಿಲ್ಲ. ಕಟ್ಟನ್ನು ಬಗಲಲ್ಲಿಟ್ಟುಕೊಂಡು ಬಸ್ ಹತ್ತಿ ಕಲಬುರಗಿಗೇ ಹೋದರು. ಇನ್ನೂರು ಅಚ್ಚಾಗಿಬಿಟ್ಟಿವೆ ಕಾಕಾ, ಏನು ಮಾಡಲಿ ಅಂದನಂತೆ ಅಚ್ಚಿನವನು.

"ಇನ್ನೂರೂ ನೀನೇ ಇಟ್ಕೋ. ನನ್ನ ಹೆಸರು ಸರಿ ಮಾಡಿ ಕೊಡು" ಅಂದರಂತೆ.

ನಮಸ್ಕಾರ.