ಬೆಳಗಾವಿಯ ಸೈಕಲ್ ಅಂಗಡಿಯಿಂದ ಕಿರ್ಲೋಸ್ಕರ್‌ವಾಡಿಗೆ

ಗೇಟ್ ಬಿದ್ದಿದೆ. ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಬಿತ್ತೆಂದರೆ ಕಿರ್ಲೋಸ್ಕರ್ ಕಂಪನಿಯ ಅರ್ಧ ಚರಿತ್ರೆ ಹೇಳಿ ಮುಗಿಸಬಹುದು, ಹಾಗಾಗಿ ಇಲ್ಲಿಂದಲೇ ಶುರು ಮಾಡುತ್ತೇನೆ. ವಿಡಿಯೊದಿಂದ ಹಾರ್ನ್ ಸದ್ದು ತೆಗೆಯಲು ಆಗಲಿಲ್ಲ, ಸಹಿಸಿಕೊಳ್ಳಿ.

ಕಿರ್ಲೋಸ್ಕರ್ ಎಂದ ಕೂಡಲೇ ಪುಣೆಯ ಹೆಸರು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಂಪನಿ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಂಪನಿ ತನ್ನ ವಯಸ್ಸನ್ನು ಎಣಿಸುವುದು 1888ರಿಂದ, ಇದೇ ಬೆಳಗಾವಿಯ ಸೈಕಲ್ ಅಂಗಡಿಯಿಂದ. ಆ ಮನುಷ್ಯ ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು. ಕಣ್ಣಿಗೆ ಬಣ್ಣಗಳು ಸರಿಯಾಗಿ ಕಾಣುವುದಿಲ್ಲವೆಂದು ಗೊತ್ತಾದ ಮೇಲೆ ಯಂತ್ರಗಳ ನಕ್ಷೆಯತ್ತ ಹೊರಳಿದರು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ತಮಗೆ ಬರಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ನೌಕರಿ ಬಿಟ್ಟು, ಬೆಳಗಾವಿಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದ ಅಣ್ಣನ ಬಳಿಗೆ ಬಂದರು. ರೈಲು ಬಂತು, ಒಂದು ನಿಮಿಷ.

ಸೈಕಲ್ ಆದ ಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಬೆನ್ನಿಗೆ ಕಬ್ಬಿಣದ ನೇಗಿಲು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿದ್ದರು. ನನಗೆ ಇದು ಶುದ್ಧ ಮೂಢನಂಬಿಕೆ ಅನ್ನಿಸಿತ್ತು. ಮರದ ನೇಗಿಲಿಗೂ ತುದಿಯಲ್ಲಿ ಕಬ್ಬಿಣದ ಕುಳವೇ ಇರುತ್ತಿತ್ತಲ್ಲ, ಅದರಿಂದ ಏರದ ವಿಷ ಇದರಿಂದ ಹೇಗೆ ಏರೀತು? ಆದರೆ ಈಗ ಬರುವ ದೃಶ್ಯದ ಹೊತ್ತಿಗೆ ನಾನು ರೈತರ ಕಡೆ ಸೇರಿಬಿಟ್ಟಿದ್ದೆ.

ನೋಡಿ, ಚಿತ್ರ ಹೀಗೆ ಅಲುಗಾಡುತ್ತಿರುವುದಕ್ಕೆ ಕಾರಣ ನನ್ನ ಕೈಯಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿಯುವ ತಿರುಪು ಎಲ್ಲೋ ಬಿದ್ದುಹೋಯಿತು. ಒಂದೇ ಒಂದು ತಿರುಪು! ಕ್ಯಾಮೆರಾ ಸಾಮಾನಿನ ಅಂಗಡಿಗೆ ಹೋದರೆ, ಬಿಡಿಯಾಗಿ ಬರುವುದಿಲ್ಲ, ಇಡೀ ಸ್ಟ್ಯಾಂಡ್ ಕೊಳ್ಳಬೇಕು, 1,850 ರೂಪಾಯಿ ಎಂದರು. ತಿರುಪಿಗೆ? ಹೌದು ಮೇಡಂ, ಈ ಮಾಡೆಲ್ ನಿಂತುಹೋಗಿದೆ. ನಿಂತಿದ್ದು ಮಾಡೆಲ್ ಅಲ್ಲ, ನನ್ನ ಕೆಲಸ. ಕೊನೆಗೆ ಚಪ್ಪಟೆ ತಲೆಯದ್ದೇನಾದರೂ ಸಿಕ್ಕೀತೇ ಎಂದು ಫೌಂಡ್ರಿಗಳಿರುವ, ಅಂದರೆ ಎರಕದ ಕಾರ್ಖಾನೆಗಳಿರುವ ಬೆಳಗಾವಿಯ ಉದ್ಯಮಬಾಗಿಗೆ ಬಂದೆ. ಇವರು ಲೋಹವನ್ನು ತಿರುಗಿಸುತ್ತ ಕಡಿಯುವ ಲೇತ್ ಯಂತ್ರ ನಡೆಸುವ ಕಾಕಾ, ಮುಖ ತೋರಿಸಬೇಡ ಎಂದಿದ್ದಾರೆ, ಹಾಗಾಗಿ ಕೈ ಮಾತ್ರ. ಕ್ಯಾಮೆರಾದ ತಳವನ್ನು ಒಮ್ಮೆ ನೋಡಿ, "ಇದು ಕಾಲಿಂಚಿನ ಬೋಲ್ಟು ತಂಗಿ, ಇದಕ್ಕೆ ಅಷ್ಟು ದುಡ್ಡೇ?" ಎಂದರು. ಡಬ್ಬಿಯಿಂದ ಒಂದನ್ನು ಆರಿಸಿ, ಉದ್ದ ಕಡಿದು, ತಲೆಯನ್ನು ತೆಳ್ಳಗೆ ಮಾಡಿ, ಅಂಚಿನ ಚೂಪು ತೆಗೆದು ಕೊಟ್ಟರು. 60 ರೂಪಾಯಿ. ಚಹಾ ಅವರದ್ದೇ. 1,850ಕ್ಕೂ 60ಕ್ಕೂ ನಡುವಿನ ಅಂತರ ನೆನೆದಾಗಲೆಲ್ಲ ನನಗೆ ಇನ್ನೂ ಸಿಟ್ಟು ಬರುತ್ತದೆ, ಈ ಧ್ವನಿ ದಾಖಲಿಸುತ್ತಿರುವಾಗಲೂ ಬರುತ್ತಿದೆ.

ರೈತರ ಮಾತಿಗೆ ಬರುತ್ತೇನೆ. ಮರದ ನೇಗಿಲು ಮುರಿದರೆ ಊರಿನ ಬಡಿಗ ಇದ್ದ, ಕುಳ ಸವೆದರೆ ಕಮ್ಮಾರ ಇದ್ದ. ಅವರಿಗೆ ಸುಗ್ಗಿಯಲ್ಲಿ ಕಾಳು ಕೊಟ್ಟರಾಯಿತು. ಎರಕದ ಕಬ್ಬಿಣದ ಭಾಗ ಬಿತ್ತನೆಯ ಹೊತ್ತಿನಲ್ಲಿ ಒಡೆದರೆ ಯಾರ ಬಳಿ ಹೋಗುವುದು? ಎರಕದ ಕಬ್ಬಿಣವನ್ನು ಕಮ್ಮಾರ ಬಡಿದು ಸರಿಪಡಿಸಲಾರ, ಬಡಿದರೆ ಚೂರಾಗುತ್ತದೆ. ವಿಷದ ಮಾತಿನ ಹಿಂದೆ ಈ ಲೆಕ್ಕವೂ ಇತ್ತೆಂದು ನನ್ನ ಗುಮಾನಿ.

ಇನ್ನು ಊರು ಬಿಟ್ಟ ಕಥೆ. 1910ರಲ್ಲಿ ಬೆಳಗಾವಿ ಪುರಸಭೆಯ ಆದೇಶದಿಂದ ಕಾರ್ಖಾನೆ ಜಾಗ ತೆರವು ಮಾಡಬೇಕಾಯಿತು. ಕೈಗೆ ಬಂದ ತುತ್ತನ್ನು ನಮ್ಮವರೇ ಚೆಲ್ಲಿಕೊಂಡರು ಎಂದು ಬೈಯುತ್ತಿದ್ದೆ. ಈಗ ಅಷ್ಟು ಜೋರಾಗಿ ಬೈಯಲಾರೆ, ಏಕೆಂದರೆ ಈ ಉದ್ಯಮಬಾಗಿನಲ್ಲಿ ನಿಂತು ಬೆಳಗಾವಿಗೆ ಎರಕದ ಕೆಲಸ ತಪ್ಪಿಹೋಯಿತು ಎಂದರೆ ಕಾಕಾ ನಗುತ್ತಾರೆ. ಅಂದು ಕೈಹಿಡಿದವರು ಔಂಧ್ ಸಂಸ್ಥಾನದ ಅರಸರು, ಪಂತ್ ಪ್ರತಿನಿಧಿ. ಅವರೂ ಚಿತ್ರಕಾರರು. ಬಣ್ಣ ಕಾಣದೆ ಕುಂಚ ಬಿಟ್ಟವರಿಗೆ ಕುಂಚ ಹಿಡಿದ ಅರಸರು ಜಾಗವನ್ನೂ ಸಾಲವನ್ನೂ ಕೊಟ್ಟರು!

ಇದು ಆ ಜಾಗ, ಈಗಿನ ಕಿರ್ಲೋಸ್ಕರ್‌ವಾಡಿ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ. ರೈಲಿನ ಪ್ರಯಾಣ ತೆಗೆದುಹಾಕಿದ್ದೇನೆ, ಕಿಟಕಿ ಕೊಳೆಯಾಗಿತ್ತು. ಆಗ ಈ ನಿಲ್ದಾಣದ ಹೆಸರು ಕುಂಡಲ್ ರೋಡ್. ಸುತ್ತ 32 ಎಕರೆ ಬರಡು ನೆಲ, ಪಾಪಾಸುಕಳ್ಳಿ, ಹಾವು. ಮೊದಲ ಮಹಾಯುದ್ಧದಲ್ಲಿ ವಿದೇಶಿ ನೇಗಿಲು ಬರುವುದು ನಿಂತಿತು, ಇವರ ನೇಗಿಲಿಗೆ ಬೇಡಿಕೆ ಬಂತು, ಆದರೆ ಎರಕ ಹೊಯ್ಯಲು ಕಬ್ಬಿಣವೇ ಇಲ್ಲ. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಟ್ಟರು, ಅವು ಕರಗಿ ನೇಗಿಲಾದವು. ಕೋಟೆಗಳಲ್ಲಿ ಫಿರಂಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು ನನಗೂ ಇಷ್ಟವೇ, ಆದರೂ ಅವನ್ನು ಕರಗಿಸಿದ್ದೇ ಸರಿ.

ಬೇಗ ಹೇಳುತ್ತೇನೆ, ಬ್ಯಾಟರಿ ಕೆಂಪು ತೋರಿಸುತ್ತಿದೆ. ಕಬ್ಬಿನ ಗಾಣ, 1920ರ ದಶಕದಲ್ಲಿ ಪಂಪು, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿ, ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ. ಅದಕ್ಕೂ ಮೊದಲು, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್. ಅಲ್ಲಿ ಲೇತ್ ಮಾಡುತ್ತಿದ್ದರು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು, ಆದರೆ ಕಾಕಾ ನನ್ನ ಬೋಲ್ಟನ್ನು ಕಡಿದದ್ದು ಹರಿಹರದ ಲೇತಿನಲ್ಲಿಯೇ. ಅದರ ಸವೆದ ಗೇರ್ ಈಗ ಯಾರು ಮಾಡಿಕೊಡುತ್ತಾರೆ ಎಂದು ಕೇಳಿದ್ದಕ್ಕೆ, ಪಕ್ಕದ ಬಾಗಿಲು ತೋರಿಸಿದರು. ಮುಂದಿನ ವಿಡಿಯೊ ಹರಿಹರದ್ದು. ಅಲ್ಲಿ ಕೆಲಸ ಮಾಡಿದವರು ಯಾರಾದರೂ ನೋಡುತ್ತಿದ್ದರೆ ಒಂದು ಸಾಲು ಬರೆಯಿರಿ, ಯಾವ ವಿಭಾಗ ಎಂಬುದನ್ನೂ ಸೇರಿಸಿ. ಬ್ಯಾಟರಿ ಹೋಯಿತು, ಬರುತ್ತೇ