ಜೆರ್ರಿ ರೈಸ್ ಆದ್ಮೇಲೆ ಯಾರು?

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡ್ತಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಕಾರ್ಲೋಸ್ ಪಕ್ಕದ ಎಡ್ಜ್‌ವುಡ್ ಪಾರ್ಕ್. ಮೇಲಕ್ಕೆ ಹೋಗೋ ಈ ಮಣ್ಣಿನ ದಾರಿ ಇದೆಯಲ್ಲ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಜೆರ್ರಿ ರೈಸ್ ಇದೇ ಏರನ್ನ ಓಡಿ ಹತ್ತುತ್ತಿದ್ದ. ಅವನಿಗೆ ಈ ಗುಡ್ಡದ ರುಚಿ ಹತ್ತಿಸಿದವನು ಜೊತೆಯಲ್ಲೇ ಆಡ್ತಿದ್ದ ರೋಜರ್ ಕ್ರೇಗ್. ನಮ್ಮ ಭಾವ ಮುಂದೆ ಹೋಗ್ತಿದ್ದಾರೆ, ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಇತಿಹಾಸದಲ್ಲಿ ಅತ್ಯುತ್ತಮ ರಿಸೀವರ್ ಯಾರು, ಅತಿ ಕಳಪೆ ಯಾರು ಅಂತ ದಾರಿಯುದ್ದಕ್ಕೂ ನಮ್ಮಿಬ್ಬರ ವಾದ ನಡೀತಾನೇ ಇದೆ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೀತಾನೆ, ಓಡಿಹೋಗಿ ಹಿಡಿಯೋನು ರಿಸೀವರ್. ಬೌಂಡರಿ ಗೆರೆಯತ್ತ ಓಡ್ತಾ ಎತ್ತರದ ಕ್ಯಾಚ್ ಹಿಡಿಯೋ ಫೀಲ್ಡರನ್ನ ನೆನೆಸ್ಕೊಳ್ಳಿ. ಇಲ್ಲಿ ಮಾತ್ರ ಎದುರಾಳಿ ಅವನ ಮೈಮೇಲೇ ಬಿದ್ದಿರ್ತಾನೆ.

ಮೊದಲನೇ ಸ್ಥಾನದಲ್ಲಿ ನಮಗೆ ಜಗಳ ಇಲ್ಲ. ಚೆಂಡು ಹಿಡಿದು ಎಷ್ಟು ದೂರ ಮುಂದೆ ಒಯ್ದ ಅನ್ನೋದನ್ನ ಯಾರ್ಡ್‌ನಲ್ಲಿ ಎಣಿಸ್ತಾರೆ. ವೃತ್ತಿಯಲ್ಲಿ ರೈಸ್ ಗಳಿಸಿದ್ದು 22,895 ಯಾರ್ಡ್. ಲೀಗ್ ಪಟ್ಟಿಯಲ್ಲಿ ಅವನ ನಂತರ ಬರೋ ಲ್ಯಾರಿ ಫಿಟ್ಜ್‌ಜೆರಾಲ್ಡ್‌ದು 17,492. ಐದು ಸಾವಿರಕ್ಕೂ ಮೀರಿದ ಅಂತರ! 1987ರಲ್ಲಿ ಬರೀ 12 ಪಂದ್ಯದಲ್ಲಿ 22 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸೋದು) ಹಿಡಿದ. ಆದರೆ ನನಗೆ ಈ ದೊಡ್ಡ ಅಂಕಿಗಳಿಗಿಂತ ಅವನ ಮೊದಲ ವರ್ಷ ಮುಖ್ಯ. 1985ರಲ್ಲಿ ಕೋಚ್ ಬಿಲ್ ವಾಲ್ಶ್ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸುತ್ತು ಸುತ್ತಾಗಿ ಸರದಿಯಂತೆ ಕಾಲೇಜು ಹುಡುಗರನ್ನ ಆರಿಸೋ ಕಡೆ, ತನ್ನ ಸರದಿಯನ್ನ ಮುಂದಕ್ಕೆ ತಗೊಂಡು, 16ನೇ ಆಯ್ಕೆಯಾಗಿ ಅವನನ್ನ ತಗೊಂಡ. ಮಿಸಿಸಿಪಿ ವ್ಯಾಲಿ ಸ್ಟೇಟ್ ಅನ್ನೋ ಸಣ್ಣ ಕಾಲೇಜಿನ ಹುಡುಗ. ಬಂದವನೇ ಚೆಂಡು ಬಿಡೋಕೆ ಶುರು ಮಾಡಿದ. ಸ್ವಂತ ಮೈದಾನದಲ್ಲೇ ಜನ ಕೂಗಿ ಅವಮಾನ ಮಾಡಿದ್ರು. ಅದೇ ಡಿಸೆಂಬರ್‌ನಲ್ಲಿ ರ್‍ಯಾಮ್ಸ್ ವಿರುದ್ಧ ಒಂದೇ ರಾತ್ರಿ 241 ಯಾರ್ಡ್. ಆ ವರ್ಷದ ನವೆಂಬರ್‌ನಲ್ಲೇ ಯಾರಾದ್ರೂ ಕಳಪೆ ರಿಸೀವರ್‌ಗಳ ಪಟ್ಟಿ ಮಾಡಿದ್ದಿದ್ರೆ ರೈಸ್ ಹೆಸರೂ ಅದರಲ್ಲಿರ್ತಿತ್ತು. ಭಾವನಿಗೆ ನಾನು ಹೇಳ್ತಿರೋದು ಇಷ್ಟೇ: ಕೈಬಿಟ್ಟ ಒಂದು ಚೆಂಡಿನಿಂದ ಯಾರನ್ನೂ ಕಳಪೆ ಅನ್ನಬೇಡಿ. ತಂಡ ಅವನಿಗೆ ಎಷ್ಟು ಬೆಲೆ ತೆತ್ತಿತು, ವಾಪಸ್ ಎಷ್ಟು ಬಂತು, ಅದನ್ನ ಲೆಕ್ಕ ಹಾಕಿ.

ಎರಡನೇ ಸ್ಥಾನಕ್ಕೆ ಬಂದ್ರೆ ನಿಜವಾದ ಜಟಾಪಟಿ. ಭಾವನ ಆಯ್ಕೆ ಡ್ವೈಟ್ ಕ್ಲಾರ್ಕ್. 1979ರಲ್ಲಿ ವಾಲ್ಶ್ ಕ್ಲೆಮ್ಸನ್‌ಗೆ ಹೋಗಿದ್ದು ಸ್ಟೀವ್ ಫುಲ್ಲರ್ ಅನ್ನೋ ಕ್ವಾರ್ಟರ್‌ಬ್ಯಾಕನ್ನ ನೋಡೋಕೆ. ಎಸೆದ ಚೆಂಡು ಹಿಡಿಯೋಕೆ ಯಾರಾದ್ರೂ ಬೇಕಲ್ಲ, ಫುಲ್ಲರ್‌ನ ರೂಮ್‌ಮೇಟ್ ಕ್ಲಾರ್ಕ್ ಬಂದ. ವಾಲ್ಶ್ ಕಣ್ಣು ಅವನ ಮೇಲೇ ನಿಂತಿತು, ಹತ್ತನೇ ಸುತ್ತಿನಲ್ಲಿ ತಗೊಂಡ. 1982ರ ಜನವರಿ 10, ಕ್ಯಾಂಡಲ್‌ಸ್ಟಿಕ್ ಪಾರ್ಕ್, ಎದುರಿಗೆ ಡಲ್ಲಾಸ್ ಕೌಬಾಯ್ಸ್. ಮೂವರು ಅಟ್ಟಿಸಿಕೊಂಡು ಬರ್ತಿರುವಾಗ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಎತ್ತರಕ್ಕೆ ಎಸೆದ ಚೆಂಡನ್ನ ಕ್ಲಾರ್ಕ್ ಗಾಳಿಯಲ್ಲಿ ನೆಗೆದು ಬೆರಳ ತುದಿಯಲ್ಲಿ ಹಿಡಿದ. 28-27. ಆ ಗೆಲುವಿನ ಬೆನ್ನಿಗೇ ತಂಡಕ್ಕೆ ಮೊದಲ ಸೂಪರ್ ಬೌಲ್, ಅಂದ್ರೆ ಲೀಗ್‌ನ ಫೈನಲ್ ಗೆಲುವು, ಬಂತು. 2018ರಲ್ಲಿ ಎಎಲ್‌ಎಸ್ ಕಾಯಿಲೆಯಿಂದ ಕ್ಲಾರ್ಕ್ ತೀರಿಕೊಂಡ. ಭಾವ ಇವತ್ತಿಗೂ ಆ ದಿನದ ಮಾತೆತ್ತಿದ್ರೆ ಗಂಟಲು ಬಿಗಿದುಕೊಳ್ತಾರೆ, ಅದನ್ನ ನಾನು ಗೌರವಿಸ್ತೀನಿ.

ಆದ್ರೂ ನನ್ನ ವೋಟು ಟೆರೆಲ್ ಓವೆನ್ಸ್‌ಗೆ. 1999ರ ಜನವರಿ 3ರಂದು ಗ್ರೀನ್ ಬೇ ಪ್ಯಾಕರ್ಸ್ ಜೊತೆ ಪ್ಲೇಆಫ್. ಅದಕ್ಕೂ ಹಿಂದಿನ ಮೂರು ಸೀಸನ್ ಸತತವಾಗಿ ನಮ್ಮನ್ನ ಮನೆಗೆ ಕಳಿಸಿದ್ದು ಇದೇ ತಂಡ. ಓವೆನ್ಸ್ ಅವತ್ತು ಒಂದಾದ ಮೇಲೊಂದು ಚೆಂಡು ಬಿಟ್ಟಿದ್ದ. ಉಳಿದಿದ್ದು ಕೆಲವೇ ಸೆಕೆಂಡು. ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್ ಹಿಂದಕ್ಕೆ ಸರಿಯುವಾಗ ಎಡವಿದ, ಸಾವರಿಸಿಕೊಂಡು, ಆಟದುದ್ದಕ್ಕೂ ಬಿಡ್ತಾ ಇದ್ದವನಿಗೇ ಎಸೆದ. ಇಬ್ಬರ ನಡುವೆ ಸಿಕ್ಕಿ ಜಜ್ಜಿ ಹೋದ್ರೂ ಓವೆನ್ಸ್ ಬಿಡಲಿಲ್ಲ. 30-27. ಆಮೇಲೆ ಮೈದಾನದಲ್ಲೇ ಅತ್ತ. ಮುಂದೆ 2000ದ ಡಿಸೆಂಬರ್‌ನಲ್ಲಿ ಬೇರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 20 ಕ್ಯಾಚ್, 283 ಯಾರ್ಡ್. ಅದು ಈ ತಂಡದ ಪರ ರೈಸ್ ತವರಿನಲ್ಲಿ ಆಡಿದ ಕೊನೆಯ ಪಂದ್ಯ ಬೇರೆ. ತಂಡ ಬಿಟ್ಟು ಹೋಗುವಾಗ ಓವೆನ್ಸ್ ಮನಸ್ತಾಪ ಮಾಡ್ಕೊಂಡು ಹೋದ ಅನ್ನೋದು ಭಾವನ ತಕರಾರು. ಇರಬಹುದು. ಆದ್ರೆ 81 ಟಚ್‌ಡೌನ್ ಸುಳ್ಳಾಗಲ್ಲವಲ್ಲ.

ಮೂರನೆಯದು ಜಾನ್ ಟೇಲರ್ ಅಂತ ಇಬ್ಬರೂ ಒಪ್ಪಿದ್ವಿ. 1989ರ ಜನವರಿ ಸೂಪರ್ ಬೌಲ್‌ನಲ್ಲಿ 34 ಸೆಕೆಂಡ್ ಇರುವಾಗ ಗೆಲುವಿನ ಟಚ್‌ಡೌನ್ ಅವನದು. ಆ ಪಂದ್ಯದಲ್ಲಿ ಅವನು ಹಿಡಿದಿದ್ದು ಅದೊಂದೇ ಚೆಂಡು.

ಈಗ ಇನ್ನೊಂದು ತುದಿ. ಕೈಲ್ ವಿಲಿಯಮ್ಸ್ ಹೆಸರು ತುಂಬ ಜನರ ಬಾಯಲ್ಲಿ ಥಟ್ ಅಂತ ಬರುತ್ತೆ. 2012ರ ಜನವರಿ 22, ಜೈಂಟ್ಸ್ ಎದುರು ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ. ಒಂದು ಪಂಟ್, ಅಂದ್ರೆ ಎದುರಾಳಿ ಒದ್ದು ಕಳಿಸಿದ ಚೆಂಡು, ಅವನ ಮೊಣಕಾಲಿಗೆ ತಾಗಿ ಮತ್ತೆ ಅವರ ಪಾಲಾಯ್ತು, ಓವರ್‌ಟೈಮ್‌ನಲ್ಲಿ ಇನ್ನೊಂದು ಕೈಯಿಂದ ಜಾರಿತು. 17-20 ಸೋಲು. ಅವನು ಆರನೇ ಸುತ್ತಿನ ಹುಡುಗ. ಪಂಟ್ ಹಿಡಿಯೋ ಕೆಲಸ ಟೆಡ್ ಗಿನ್‌ದು, ಗಾಯ ಆಗಿದ್ದಕ್ಕೆ ಇವನನ್ನ ನಿಲ್ಲಿಸಿದ್ರು. ಅಷ್ಟಕ್ಕೇ ಕೊಲೆ ಬೆದರಿಕೆಗಳು ಬಂದವು. ಇಂಥ ಪಟ್ಟಿಯಲ್ಲಿ ಅವನ ಹೆಸರು ಬರೆಯೋದು ನನ್ನ ಪ್ರಕಾರ ಅನ್ಯಾಯ. ಇಲ್ಲಿ ಭಾವನೂ ನನ್ನ ಕಡೆ.

ಬೆಲೆಯ ಲೆಕ್ಕಕ್ಕೆ ಬನ್ನಿ. 1995ರಲ್ಲಿ ಜೆ.ಜೆ. ಸ್ಟೋಕ್ಸ್‌ನ 10ನೇ ಆಯ್ಕೆಯಾಗಿ ಪಡೆಯೋಕೆ ತಂಡ ಮರುವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಬಿಟ್ಟುಕೊಟ್ಟಿತು. ಒಂದು ಸೀಸನ್‌ನಲ್ಲೂ ಅವನು ಸಾವಿರ ಯಾರ್ಡ್ ಮುಟ್ಟಲಿಲ್ಲ. ಮೊದಲ ಸುತ್ತೇ ಇಲ್ಲದ ಆ 1996ರ ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿಗೆ ಸಿಕ್ಕಿದವನೇ ಓವೆನ್ಸ್! 2004ರ ಮೊದಲ ಸುತ್ತಿನ ರಶಾನ್ ವುಡ್ಸ್ ಹಿಡಿದಿದ್ದು ಒಟ್ಟು ಏಳೇ ಚೆಂಡು. ಸ್ಟೋಕ್ಸ್ ಎಂಟು ಸೀಸನ್ ಆಡಿ ತಂಡಕ್ಕೆ ಕೆಲಸಕ್ಕಾದ್ರೂ ಬಂದ, ಹಾಗಾಗಿ ಅವನು ಕಳಪೆ ಅಲ್ಲ, ದುಬಾರಿ.

ನನ್ನ ಪಟ್ಟಿಯ ತಳದಲ್ಲಿ ಇರೋದು ಎ.ಜೆ. ಜೆಂಕಿನ್ಸ್. 2012ರಲ್ಲಿ 30ನೇ ಆಯ್ಕೆ, ಈ ತಂಡದ ಪರ ಒಂದು ಕ್ಯಾಚೂ ಇಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಅವನನ್ನ ಕಾನ್ಸಾಸ್ ಸಿಟಿಗೆ ಕಳಿಸಿದ್ರು. ಅದೇ ಡ್ರಾಫ್ಟ್‌ನಲ್ಲಿ ಆಲ್ಶಾನ್ ಜೆಫ್ರಿ ಎರಡನೇ ಸುತ್ತಿನವರೆಗೆ, ಟಿ.ವೈ. ಹಿಲ್ಟನ್ ಮೂರನೇ ಸುತ್ತಿನವರೆಗೆ ಉಳಿದಿದ್ರು. ಆ ಸೀಸನ್ ಕೊನೆಯಲ್ಲಿ ರೇವನ್ಸ್ ವಿರುದ್ಧದ ಸೂಪರ್ ಬೌಲ್‌ನಲ್ಲಿ ಗೆರೆಗೆ ಐದೇ ಯಾರ್ಡ್ ದೂರ. ಎಸೆದ ಮೂರೂ ಚೆಂಡು ಮೈಕಲ್ ಕ್ರ್ಯಾಬ್‌ಟ್ರೀ ಕಡೆಗೇ, ಮೂರೂ ವ್ಯರ್ಥ. 31-34. ತಪ್ಪು ಜೆಂಕಿನ್ಸ್‌ಗಿಂತ ಅವನನ್ನ ಆರಿಸಿದವರದು ಅಂತೀನಿ ನಾನು.

ಭಾವ ಈಗ ರಿಕಿ ಪಿಯರ್‌ಸಾಲ್ ಹೆಸರು ಎತ್ತಿದ್ದಾರೆ. 2024ರಲ್ಲಿ 31ನೇ ಆಯ್ಕೆ, ಹಿಂದೆ ವುಡ್ಸ್‌ನ ತಗೊಂಡಿದ್ದೂ 31ನೇ ಆಯ್ಕೆಯಾಗಿಯೇ. ಸೀಸನ್ ಶುರುವಾಗೋ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋ ಪೇಟೆಯಲ್ಲಿ ದರೋಡೆಗೆ ಬಂದವನ ಗುಂಡು ಅವನ ಎದೆಗೆ ಬಿತ್ತು. ಅಕ್ಟೋಬರ್‌ನಲ್ಲಿ ಮೈದಾನಕ್ಕಿಳಿದ. ಅವನನ್ನ ಯಾವ ಪಟ್ಟಿಗೂ ಸೇರಿಸೋಕೆ ನಾನು ತಯಾರಿಲ್ಲ ಭಾವ, ಇನ್ನೂ ನಾಲ್ಕು ವರ್ಷ ಆಡಲಿ.